ಅಂಜಿನವ್ವನ ಕೈಗುಣ

ಆನೆಕೊಂಡದ ಅಂಜಿನವ್ವ ಸಿಟ್ಟಿನ ಹೆಂಗಸು ಎಂಬುದು ದಾವಣಗೆರೆಯ ಎಷ್ಟೋ ಕೂಸುಗಳಿಗೆ ಹುಟ್ಟಿದ ವಾರದೊಳಗೇ ಗೊತ್ತಾಗಿಬಿಡುತ್ತದೆ. ಮೂವತ್ತೊಂದು ವರ್ಷದಿಂದ ಅವಳದು ಒಂದೇ ಕಸುಬು, ಕೂಸು ಬಾಣಂತಿಯರಿಗೆ ಎರೆಯುವುದು. ಬೆಳಗ್ಗೆ ಆರಕ್ಕೆ ಮನೆ ಬಿಟ್ಟಳೆಂದರೆ ಮಧ್ಯಾಹ್ನದೊಳಗೆ ನಾಲ್ಕೈದು ಮನೆ ಮುಗಿಸುತ್ತಾಳೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿ, ಅವುಗಳ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಹದವಾದ ನೀರು ಸುರಿದು, ಮೂಗು ನೀವಿ, ಹೊಗೆ ಹಾಕಿ ಮಲಗಿಸಿದರೆ ಆ ಕೂಸು ಮೂರು ತಾಸು ಕಣ್ಣು ಬಿಡುವುದಿಲ್ಲ. ಅಷ್ಟು ಹೊತ್ತೂ ಬೈಗುಳ ನಡೆದೇ ಇರುತ್ತದೆ. ನೀರು ಆರಿಹೋಯಿತೆಂದು ಅಜ್ಜಿಗೆ, ಬಾಗಿಲಲ್ಲಿ ಮೊಬೈಲ್ ಹಿಡಿದು ವಿಡಿಯೋ ಮಾಡುವ ಅಪ್ಪನಿಗೆ, ಕಡೆಗೆ ಕೂಸಿಗೂ. "ಏನ್ ಕೊಂದ್ ಹಾಕ್ತೀನೇನ್ಲೇ ನಿನ್ನ? ಮುಚ್ಚು ಬಾಯಿ" ಎಂದು ಹತ್ತು ದಿನದ ಕೂಸಿಗೆ ಗದರಿದರೆ ಅದೂ ಒಂದು ಗಳಿಗೆ ತೆಪ್ಪಗಾಗುತ್ತದೆ.

ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಂಜಿನವ್ವನ ಕೈಗುಣ ಒಳ್ಳೆಯದು ಎಂದು ಕರೆಸಿದ ಮನೆಯವರೆಲ್ಲ ಹೇಳುತ್ತಾರೆ. ಗಂಡ ಲಿಂಗಣ್ಣ ಹೋದ ಮೇಲೆ ಒಬ್ಬಳೇ ಮಗಳು ಸಹನಾಳನ್ನು ಸಾಕಿ, ಪಿಯುಸಿವರೆಗೆ ಓದಿಸಿ, ಹರಿಹರದ ಎರ್ರಿಸ್ವಾಮಿಗೆ ಮದುವೆ ಮಾಡಿಕೊಟ್ಟಿದ್ದು ಇದೇ ಎರಡು ಕೈಯಿಂದ. ಆ ಕೈ ಮೇಲೆ ಅವಳಿಗೆ ದೇವರಿಗಿಂತ ಹೆಚ್ಚು ನಂಬಿಕೆ. ಆ ನಂಬಿಕೆಗೆ ನೀರೆರೆದವರು ಊರಿನ ಒಳ್ಳೆಯ ಜನ. ಅದನ್ನು ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತದೆ.

ಮೊದಲೆಲ್ಲ ಬಾಣಂತಿಯ ಹೊಟ್ಟೆಗೆ ಮೈ ತಾಳುವಷ್ಟು ಬಿಸಿನೀರು ಎರಚಿ, ಹಳೇ ಸೀರೆಯಲ್ಲಿ ಬಿಗಿದು ಕಟ್ಟಿದರೆ ಅವಳ ಕೆಲಸ ಮುಗಿಯುತ್ತಿತ್ತು. ಈಗ ಅವಳು ಎರೆಯುವ ಹತ್ತು ಬಾಣಂತಿಯರಲ್ಲಿ ಆರು ಮಂದಿಗೆ ಹೊಟ್ಟೆಯ ಮೇಲೆ ಹೊಲಿಗೆ. ಆ ಹೊಟ್ಟೆಗಳನ್ನೆಲ್ಲ ಬೆಳಕಿನಲ್ಲಿ ನೋಡಿದವಳು ಅಂಜಿನವ್ವ ಒಬ್ಬಳೇ. ಕೊಯ್ದ ಡಾಕ್ಟರು ಹೊಲಿಗೆ ಬಿಚ್ಚುವ ದಿನ ನೋಡಿದರೆ ಆಯಿತು. ಗಂಡನೋ, ಲೈಟ್ ಆರಿಸಿ ಹತ್ತಿರ ಬರುವವನು. ಬಹಳ ಹೆಂಗಸರಿಗೆ ಗಾಯ ಮಾಗಿ ದಾರದೆಳೆಯಷ್ಟಾಗುತ್ತದೆ. ಕೆಲವರಿಗೆ ಹಾಗಲ್ಲ. ಮೂರು ನಾಲ್ಕು ತಿಂಗಳಾಗಿ, ಎಲ್ಲ ಮುಗಿಯಿತಪ್ಪ ಎನ್ನುವಾಗ, ಅದು ಏಳತೊಡಗುತ್ತದೆ. ಕೆಂಪಗೆ, ಗಟ್ಟಿಯಾಗಿ, ಕೊಯ್ದ ಗೆರೆ ದಾಟಿ ಆಚೀಚೆ ಹರಡಿ, ಹೊಟ್ಟೆಯ ಮೇಲೆ ದಪ್ಪ ಎರೆಹುಳ ಮಲಗಿದ ಹಾಗೆ. ತುರಿಕೆ ಬೇರೆ. ಲಂಗದ ಲಾಡಿ ತಾಗಿದರೆ ಸಾಕು, ಕಣ್ಣಲ್ಲಿ ನೀರು ಬರುವಂಥ ಉರಿ.

ಇದಕ್ಕೆ ಅಂಜಿನವ್ವ ಹೋಗುವ ಮನೆಗಳಲ್ಲೆಲ್ಲ ಒಂದೇ ಹೆಸರು, ನಂಜು. ಬಾಣಂತನದಲ್ಲಿ ಬಾಯಿ ಕಟ್ಟಲಿಲ್ಲ, ಬದನೆಕಾಯಿ ತಿಂದಳು, ಕುಂಬಳಕಾಯಿ ತಿಂದಳು, ನಂಜಾಯಿತು. ಕೊಯ್ದವರು ಯಾರೋ, ಹೊಲಿದವರು ಯಾರೋ, ತಪ್ಪು ಮಾತ್ರ ಆ ಹೆಣ್ಣಿನ ನಾಲಿಗೆಯದು! ಅಂಜಿನವ್ವನೂ ಹಾಗೇ ಹೇಳುತ್ತಿದ್ದಳು, ಎಲ್ಲರಿಗಿಂತ ಗಟ್ಟಿ ದನಿಯಲ್ಲಿ.

ನಾಲ್ಕು ವರ್ಷದ ಹಿಂದೆ ಶಾಮನೂರಿನ ಪಂಚಾಕ್ಷರಪ್ಪನವರ ಮಗಳು ಅಂಕಿತಾ ಮೊದಲ ಬಾಣಂತನಕ್ಕೆ ತವರಿಗೆ ಬಂದಳು. ಜಮೀನು, ಮೆಕ್ಕೆಜೋಳದ ವ್ಯಾಪಾರ ಎರಡೂ ಇರುವ ಮನೆ. ಅಂಕಿತಾಳ ತಾಯಿ ಕಸ್ತೂರಮ್ಮನ ಮಾತು ಬೆಣ್ಣೆ. ಕೆಲಸದವರಿಗೂ ಒಂದು ಗಡಸು ಮಾತು ಆಡಿದ ಹೆಂಗಸಲ್ಲ. ಅಂಕಿತಾಳಿಗೂ ಆಪರೇಷನ್ ಆಗಿತ್ತು, ನಾಲ್ಕನೇ ತಿಂಗಳಿಗೆ ಅವಳ ಗಾಯವೂ ಏಳತೊಡಗಿತು. ಅಂಜಿನವ್ವ ಮರುದಿನವೇ ಮದ್ದು ತಂದಳು. ಕುರುವಿಗೆ, ಊತಕ್ಕೆ ಅವಳ ತಾಯಿ ಕಾಲದಿಂದ ಹಚ್ಚುತ್ತಿದ್ದ ಸುಣ್ಣ ಬೆಲ್ಲ. ಎಲೆ ಅಡಿಕೆಗೆ ಹಾಕುವ ಸುಣ್ಣವನ್ನೂ ಹಳೇ ಬೆಲ್ಲವನ್ನೂ ಬಿಸಿಯೇರುವವರೆಗೆ ಕಲೆಸಿ ಡಬ್ಬಿಗೆ ತುಂಬಿದ್ದಳು. ಕುರು ಒಡೆಸುವ ಮದ್ದು ಇದನ್ನೂ ಕರಗಿಸದೆ ಬಿಡುತ್ತದೆಯೇ ಎಂಬುದು ಅವಳ ಲೆಕ್ಕ.

"ದಿನಾ ಹಚ್ಚಿ ಬಟ್ಟೆ ಕಟ್ರಿ ಅಮ್ಮಾರ. ಹೆಂಗೆ ಕರಗಲ್ಲ ನೋಡೇ ಬಿಡ್ತೀನಿ" ಎಂದಳು. ಕಸ್ತೂರಮ್ಮ ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡರು.

ಆ ಕೂಸಿನ ವರ್ಷದ ಹುಟ್ಟುಹಬ್ಬಕ್ಕೆ ಅಂಜಿನವ್ವನಿಗೂ ಕರೆ ಬಂತು. ಹೋದವಳು ಮೊದಲು ಕೇಳಿದ್ದೇ ಅಂಕಿತಾಳ ಹೊಟ್ಟೆ. ಕಸ್ತೂರಮ್ಮ ಒಳಗೆ ಕರೆದುಕೊಂಡು ಹೋಗಿ ಮಗಳ ಸೆರಗು ಸರಿಸಿ ತೋರಿಸಿದರು. ಎರೆಹುಳ ಇಲ್ಲ! ಮಸುಕಾದ ಒಂದು ಪಟ್ಟೆ ಅಷ್ಟೆ. "ಎಲ್ಲಾ ನಿನ್ನ ಕೈಗುಣ ಅಂಜಿನವ್ವ" ಎಂದರು ಕಸ್ತೂರಮ್ಮ. ಅರಿಶಿನ ಕುಂಕುಮ ಕೊಟ್ಟು, ತೆಂಗಿನಕಾಯಿ ಇಟ್ಟು, ಒಂದು ಹಸಿರು ಸೀರೆ ಮಡಿಲಿಗೆ ಹಾಕಿದರು. ಅಂಕಿತಾ ನೆಲ ನೋಡುತ್ತಿದ್ದಳು. ನಾಚಿಕೆ ಸ್ವಭಾವ ಎಂದುಕೊಂಡಳು ಅಂಜಿನವ್ವ.

ಆ ಸೀರೆಯನ್ನು ಆನೆಕೊಂಡದಲ್ಲಿ ನೋಡದವರಿಲ್ಲ. ನೀರಿಗೆ ನಿಂತರೂ ಅದೇ ಮಾತು, ಮಾರ್ಕೆಟ್ಟಿನಲ್ಲೂ ಅದೇ ಮಾತು. "ಡಾಕ್ಟ್ರ ಕೈಲಿ ಆಗದ್ದು ಈ ಕೈಲಾತು" ಎಂದು ಕೈ ಎತ್ತಿ ತೋರಿಸುತ್ತಿದ್ದಳು. ಕೇಳಿದ ಮೂರು ಮನೆಯವರು ಡಬ್ಬಿ ತುಂಬಿಸಿಕೊಂಡು ಹೋದರು.

ಆರು ತಿಂಗಳೊಳಗೆ ಸಹನಾಳಿಗೆ ಹೆರಿಗೆಯಾಯಿತು. ಸಹನಾ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಕೆಲಸ ಎಂದರೆ ಅವಳಿಗೆ ಪ್ರಾಣ. ಆಪರೇಷನ್ ಮಾಡಿ ಕೂಸು ತೆಗೆದರು, ಹೆಣ್ಣುಕೂಸು, ಕೃತಿಕಾ ಎಂದು ಹೆಸರಿಟ್ಟರು. ಐದು ತಿಂಗಳಿಗೆ ಕೆಲಸಕ್ಕೆ ಹೋಗಬೇಕೆಂದಿದ್ದವಳಿಗೆ ನಾಲ್ಕನೇ ತಿಂಗಳಲ್ಲಿ ಹೊಟ್ಟೆಯ ಗೆರೆ ಏಳತೊಡಗಿತು.

"ಡಾಕ್ಟ್ರಿಗೆ ತೋರಿಸ್ಲೇನವ್ವ?" ಎಂದು ಕೇಳಿದಳು.

"ಅವ್ರೇನ್ ಮಾಡ್ತಾರೆ? ನಿಮ್ಮವ್ವನ ಕೈಗುಣ ಏನಂತ ಶಾಮನೂರಿಗೆ ಹೋಗಿ ಕೇಳು" ಎಂದಳು ಅಂಜಿನವ್ವ.

ಅವತ್ತು ಉಟ್ಟಿದ್ದು ಅದೇ ಹಸಿರು ಸೀರೆ. ಸ್ವಂತ ಮಗಳು, ಬೇಗ ಇಳಿಯಲಿ ಎಂದು ಸುಣ್ಣ ಒಂದು ಪಾಲು ಜಾಸ್ತಿಯೇ ಹಾಕಿದಳು. ಬಟ್ಟೆಯನ್ನೂ ಬಿಗಿಯಾಗೇ ಕಟ್ಟಿದಳು. ಮೂರನೇ ದಿನ ಬಟ್ಟೆ ಬಿಚ್ಚಿದರೆ ಚರ್ಮ ಬಟ್ಟೆಯ ಜೊತೆಗೇ ಬಂತು. ಆ ಸುಟ್ಟ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಮಾಯ್ದ ಮೇಲೆ ಅದರೊಳಗಿಂದ ಎದ್ದದ್ದು ಮೊದಲಿನ ಎರಡರಷ್ಟು ಅಗಲ.

ಆಗಲಾದರೂ ಅಂಜಿನವ್ವ ತನ್ನ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಳ್ಳಬಾರದಿತ್ತೆ? ಇಲ್ಲ. ಅಂಕಿತಾಳಿಗೆ ಇಳಿದದ್ದು ಇವಳಿಗೇಕೆ ಇಳಿಯಲಿಲ್ಲ? ಮದ್ದು ಅದೇ, ಕೈ ಅದೇ. ಅಂದ ಮೇಲೆ ತಪ್ಪು ಸಹನಾಳದೇ. "ಏನ್ ತಿಂದೆ? ನಿಜ ಹೇಳು" ಎಂದು ಕೂರಿಸಿ ಕೇಳಿದಳು. ಪಾಪದ ಹುಡುಗಿ ನೆನೆಸಿ ನೆನೆಸಿ ಹೇಳಿತು, ಗಂಡನ ಕಡೆಯವರ ಗೃಹಪ್ರವೇಶದಲ್ಲಿ ಜೋಳದ ರೊಟ್ಟಿ ಜೊತೆ ಒಂದು ಎಣಗಾಯಿ ತಿಂದಿದ್ದೆ ಎಂದು. ಮಸಾಲೆ ತುಂಬಿದ ಒಂದೇ ಒಂದು ಬದನೆಕಾಯಿ! ಸಿಕ್ಕಿತಲ್ಲ! "ನಾಲಿಗೆ ಮೇಲೆ ಹಿಡಿತ ಇಲ್ದೋಳಿಗೆ ಯಾವ ಮದ್ದು ನಾಟುತ್ತೆ?" ಎಂದು ಶುರುಮಾಡಿದ ಬೈಗುಳ ಎರಡು ವರ್ಷ ನಿಲ್ಲಲಿಲ್ಲ. ಬದನೆಕಾಯಿ ಬಂದ್. ಕುಂಬಳಕಾಯಿ ಬಂದ್. ಮೀನು, ಆಲೂಗಡ್ಡೆ ಎಲ್ಲ ಬಂದ್. ಬೀಗಿತ್ತಿಗೂ ಫೋನ್ ಮಾಡಿ ಕಾವಲು ಹಾಕಿಸಿದಳು.

ಲಾಡಿ ಕಟ್ಟಲಾರದೆ ಸಹನಾ ಸೀರೆ ಬಿಟ್ಟಳು, ಚೂಡಿದಾರ ಬಿಟ್ಟಳು. ಹಗಲೂ ನೈಟಿಯೇ. ಅದಕ್ಕೂ ಮೊದಲು ಕೆಲಸಕ್ಕೆ ಮರಳಿದ್ದಳು, ಎಂಟು ತಾಸು ನಿಂತು ಪ್ಯಾಕಿಂಗ್ ಮಾಡುವಾಗ ಬೆವರಿಗೆ ಅದು ಉರಿದು, ಒಂದು ದಿನ ಮಷಿನ್ ಹತ್ತಿರವೇ ಕೂತುಬಿಟ್ಟಳಂತೆ. ಅಲ್ಲಿಗೆ ಕೆಲಸವೂ ಹೋಯಿತು. ಎರ್ರಿಸ್ವಾಮಿ ಕೆಟ್ಟವನಲ್ಲ, ಹರಿಹರದಲ್ಲಿ ವೆಲ್ಡಿಂಗ್ ಶಾಪಿನಲ್ಲಿ ದುಡಿಯುವವನು. "ಬಟ್ಟೆ ಒಳಗಿರೋದು, ಯಾರ್ ನೋಡ್ತಾರೆ ಬಿಡು" ಎನ್ನುತ್ತಿದ್ದ. ತಾಯಿ ಫೋನಿನಲ್ಲಿ "ಇಳಿದೈತೇನೇ?" ಎಂದು ಕೇಳಿದರೆ ಸಹನಾ "ಹ್ಞೂ, ಪರವಾಗಿಲ್ಲ" ಎನ್ನುವಳು. ತೋರಿಸು ಎಂದರೆ ತೋರಿಸುತ್ತಿರಲಿಲ್ಲ.

ಈ ವರ್ಷ ಅಂಕಿತಾ ಎರಡನೇ ಬಾಣಂತನಕ್ಕೆ ಶಾಮನೂರಿಗೆ ಬಂದಳು. ಈ ಸಲವೂ ಆಪರೇಷನ್. ಒಂದು ತಿಂಗಳಾಗಿತ್ತು. ಅಂಜಿನವ್ವ ಬಚ್ಚಲಲ್ಲಿ ಕೂಸನ್ನು ಕಾಲ ಮೇಲೆ ಹಾಕಿಕೊಂಡಿದ್ದಳು. ಮುಂದಿನ ಸರದಿಗೆ ಸ್ಟೂಲಿನ ಮೇಲೆ ಕೂತಿದ್ದ ಅಂಕಿತಾ ಹೊಟ್ಟೆಯ ಮೇಲಿಂದ ಬೆರಳಗಲದ ಒಂದು ತೆಳು ಪಟ್ಟಿಯನ್ನು ಸುಲಿದು ತೆಗೆದಳು. ನೀರಿನ ಬಣ್ಣದ್ದು, ಮೆತ್ತಗಿತ್ತು.

"ಅದೇನದು, ಪ್ಲಾಸ್ಟಿಕ್ಕು?"

"ಸಿಲಿಕಾನ್ ಪಟ್ಟಿ ಅಂಜಿನವ್ವ. ಗಾಯ ಮಾಗಿದ್ ಕೂಡ್ಲೇ ಅಂಟಿಸ್ಕಳಕೆ ಶುರು ಮಾಡು, ಈ ಸಲ ಏಳಂಗಿಲ್ಲ ಅಂತ ಸ್ಕಿನ್ ಡಾಕ್ಟ್ರು ಹೇಳಿದ್ರು. ಹೋದ ಸಲ ಲೇಟಾತಲ್ಲ, ಅದಕ್ಕೇ ಆರು ಇಂಜೆಕ್ಷನ್ ತಗಬೇಕಾತು."

ಅಂಜಿನವ್ವನ ಕೈ ನಿಂತಿತು. "ಯಾವ ಇಂಜೆಕ್ಷನ್ನು?"

"ಗಾಯದೊಳಗೇ ಕೊಡ್ತಾರಲ್ಲ, ತಿಂಗಳಿಗೊಂದು…" ಎನ್ನುತ್ತಿದ್ದ ಅಂಕಿತಾ ನಾಲಿಗೆ ಕಚ್ಚಿಕೊಂಡಳು. ಬಾಗಿಲ ಕಡೆ ನೋಡಿದಳು.

"ನಾ ಕೊಟ್ಟ ಸುಣ್ಣ ಬೆಲ್ಲ?"

ಅಂಕಿತಾ ಸುಳ್ಳು ಹೇಳುವ ಹುಡುಗಿಯಲ್ಲ. "ಅದನ್ನ ಒಂದಿನಾನೂ ಹಚ್ಚಲಿಲ್ಲ. ಅಮ್ಮ ಅವತ್ತೇ ಬಿಸಾಕಿದ್ರು" ಎಂದಳು.

ಕೂಸು ಕಾಲ ಮೇಲಿರುವಾಗ ಎಂಥ ಸಿಟ್ಟು ಬಂದರೂ ಕೈ ನಡುಗಬಾರದು. ಅದು ಅಂಜಿನವ್ವನ ಕಸುಬಿನ ನೇಮ. ಕೂಸಿನ ಮೇಲೆ ಉಳಿದ ನೀರು ಸುರಿದಳು, ಒರೆಸಿದಳು, ಕಿವಿಯೊಳಗಿನ ನೀರು ಬಟ್ಟೆಯಲ್ಲಿ ತೆಗೆದಳು, ಸುತ್ತಿ ಅಂಕಿತಾಳ ಕೈಗೆ ಕೊಟ್ಟಳು. ಆಮೇಲೆ ಒದ್ದೆ ಸೀರೆಯಲ್ಲೇ ಎದ್ದು ಪಡಸಾಲೆಗೆ ಬಂದಳು. ಕಸ್ತೂರಮ್ಮ ಮೊರದಲ್ಲಿ ಮಂಡಕ್ಕಿ ಹಸನು ಮಾಡುತ್ತ ಕೂತಿದ್ದರು.

"ಯಾಕ್ರೀ ಅಮ್ಮಾರ, ಯಾಕ ಸುಳ್ಳು ಹೇಳಿದ್ರಿ ನಂಗೆ?"

ವಿಷಯ ತಿಳಿಯಲು ಕಸ್ತೂರಮ್ಮನಿಗೆ ಸ್ವಲ್ಪ ಹೊತ್ತಾಯಿತು. ತಿಳಿದ ಮೇಲೆ ನಕ್ಕರು. "ಅಯ್ಯೋ, ಅದಾ? ಪಾಪ, ಪ್ರೀತಿಯಿಂದ ತಂದು ಕೊಟ್ಟಿದ್ದೆ. ಹಚ್ಚಲಿಲ್ಲ ಅಂದ್ರೆ ನಿನ್ನ ಮನಸಿಗೆ ನೋವಾಗುತ್ತೆ ಅಂತ… ಒಂದ್ ಒಳ್ಳೆ ಮಾತು ಆಡಿದ್ರೆ ಏನ್ ಹೋಗುತ್ತೆ ಹೇಳು."

"ಏನ್ ಹೋಗುತ್ತಾ? ನನ್ ಮಗಳ ಹೊಟ್ಟೆ ಹೋತು ಕಣ್ರೀ!" ಅಂಜಿನವ್ವನ ದನಿ ಬೀದಿಗೆ ಕೇಳಿಸಿತು. "ನೀವ್ ಕೊಟ್ರಲ್ಲ ಸೀರೆ, ಅದನ್ನ ಉಟ್ಕಂಡ್ ಹೋಗಿ ನನ್ ಮಗಳ ಹೊಟ್ಟೆ ಸುಟ್ ಬಂದೆ! ನಿಮ್ ಮಗಳಿಗೆ ಡಾಕ್ಟ್ರು, ನನ್ ಮಗಳಿಗೆ ಸುಣ್ಣ! 'ಅಂಜಿನವ್ವ, ನಿನ್ ಮದ್ದು ಬ್ಯಾಡ, ಇಂಜೆಕ್ಷನ್ ಕೊಡಿಸಿದ್ವಿ' ಅಂತ ಅಂದಿದ್ರೆ ನಾ ಏನ್ ನಿಮ್ಮನ್ನ ಕಚ್ಚಿ ತಿಂತಿದ್ನಾ? ನಾಲ್ಕ್ ದಿನ ಮುಖ ಊದಿಸ್ಕಂಡು ಸುಮ್ಕಾಗ್ತಿದ್ದೆ!"

ಕಸ್ತೂರಮ್ಮನ ಕೈಯಿಂದ ಮೊರ ಕೆಳಗಾಯಿತು. ನಿನ್ನ ಮಗಳಿಗೂ ಹಚ್ಚುತ್ತೀ ಎಂದು ತಮಗೆ ಹೊಳೆಯಲೇ ಇಲ್ಲ ಎಂದು ಏನೇನೋ ಹೇಳಿದರು. ಹೊಳೆದಿರಲಿಕ್ಕಿಲ್ಲ ನಿಜ. ಒಳ್ಳೆಯ ಮಾತಾಡುವವರಿಗೆ ಆ ಮಾತು ಎಲ್ಲಿಗೆ ಹೋಗುತ್ತದೆ, ಯಾರ ಮೈ ಸುಡುತ್ತದೆ ಎಂದು ಹೊಳೆಯುವುದು ಕಡಿಮೆ. ಅಂಜಿನವ್ವ ಅದನ್ನೆಲ್ಲ ಕೇಳುತ್ತ ನಿಲ್ಲಲಿಲ್ಲ. ಅಂಕಿತಾಳಿಂದ ಡಾಕ್ಟರ ಹೆಸರು, ಜಾಗ ಒಂದು ಚೀಟಿಯಲ್ಲಿ ಬರೆಸಿಕೊಂಡು, ಇನ್ನೂ ಎರಡು ಮನೆಯ ಕೂಸುಗಳು ಕಾಯುತ್ತಿದ್ದರೂ ಬಿಟ್ಟು, ಹರಿಹರದ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಬಾಯಿ ಸುಮ್ಮನಿರಲಿಲ್ಲ. ಪಕ್ಕದ ಸೀಟಿನ ಹೆಂಗಸು ಎದ್ದು ಮುಂದೆ ಹೋಗಿ ಕೂತಳು. ಅಂಜಿನವ್ವ ಕಸ್ತೂರಮ್ಮನನ್ನು ಬೈದಳು, ಊರನ್ನು ಬೈದಳು, ಕೈಗುಣ ಎಂಬ ಮಾತು ಹುಟ್ಟಿಸಿದವರನ್ನು ಬೈದಳು. ಅರ್ಧ ದಾರಿ ಆದ ಮೇಲೆ ಬೈಯಲು ತಾನೊಬ್ಬಳೇ ಉಳಿದಳು. ಸುಣ್ಣ ಒಂದು ಪಾಲು ಜಾಸ್ತಿ ಹಾಕಿದ್ದು ನೆನಪಾಗಿ ಸೆರಗು ಬಾಯಿಗೆ ತುರುಕಿಕೊಂಡಳು.

ಸಹನಾ ನೈಟಿಯಲ್ಲಿ ನೆಲದ ಮೇಲೆ ಕೂತು ಕೃತಿಕಾಳಿಗೆ ಅನ್ನ ತಿನ್ನಿಸುತ್ತಿದ್ದಳು. ಅಂಜಿನವ್ವ ಚಪ್ಪಲಿ ಕೂಡ ಬಿಡದೆ ಎಲ್ಲ ಹೇಳಿ ಮುಗಿಸಿದಳು. ಮಗಳು ಅಳುತ್ತಾಳೆ, ಇಲ್ಲ ಕಿರುಚುತ್ತಾಳೆ ಎಂದುಕೊಂಡಿದ್ದಳು. ಸಹನಾ ಇನ್ನೊಂದು ತುತ್ತು ಕಲೆಸಿದಳು.

"ಸುಡ್ತಾ ಐತೆ ಅಂತ ಮೊದಲ್ನೇ ದಿನನೇ ಗೊತ್ತಾಗಿತ್ತವ್ವ" ಎಂದಳು.

"ಏನಂದಿ?"

"ಬೆಂಕಿ ಇಟ್ಟಂಗಾಗ್ತಿತ್ತು. ನೀನು ಅಷ್ಟ್ ಹುರುಪಿಂದ ಹಚ್ಚಿದ್ದೆ. ಹೊಸ ಸೀರೆ ಬೇರೆ ಉಟ್ಕಂಡಿದ್ದೆ. ಹೆಂಗೆ ಹೇಳ್ಲಿ ಅಂತ ಸುಮ್ಕಾದೆ."

ಅಂಜಿನವ್ವನ ತಲೆ ಕೆಟ್ಟುಹೋಯಿತು. "ಸುಮ್ಕಾದ್ಯಾ? ಮೂರು ದಿನ? ಬಾಯಿ ಇರ್ಲಿಲ್ವೇನೇ ನಿಂಗೆ? ಒದರಬೇಕಿತ್ತು! ಕಿತ್ತು ನನ್ನ ಮುಖಕ್ಕೆ ಒಗೀಬೇಕಿತ್ತು!"

"ನಿನ್ ಮುಂದೆ ಒದರಿದೋರು ಯಾರಾದ್ರೂ ಅದಾರಾ ಅವ್ವ?" ಸಹನಾ ಮೊದಲ ಸಲ ತಲೆ ಎತ್ತಿ ನೋಡಿದಳು. "ನೀ ಯಾರ್ ಮಾತು ಕೇಳೀಯ? ಎಲ್ಲಾರೂ ನಿಂಗೆ ಹ್ಞೂ ಅಂತಾರೆ. ಅವ್ರೂ ಹ್ಞೂ ಅಂದ್ರು, ನಾನೂ ಹ್ಞೂ ಅಂದೆ."

ಬೈಗುಳ ನುಂಗಿ ಅಂಜಿನವ್ವನಿಗೆ ರೂಢಿಯಿರಲಿಲ್ಲ. ಸೊಂಟದಿಂದ ಚೀಟಿ ತೆಗೆದು ಚಾಚಿದಳು. "ಏಳು. ಈ ಡಾಕ್ಟ್ರ ಹತ್ರ ಹೋಗಣ."

"ನಾ ಬರಲ್ಲ. ಇನ್ ಮ್ಯಾಲೆ ನನ್ ಹೊಟ್ಟೆನ ಯಾರ್ ಕೈಗೂ ಕೊಡಲ್ಲ" ಎಂದಳು ಸಹನಾ.

ತಾಸು ಹೊತ್ತು ಅಂಜಿನವ್ವ ಹೇಳಿದಳು. ಅಂಕಿತಾಳಿಗೆ ಇಳಿದದ್ದು ಕಣ್ಣಾರೆ ಕಂಡಿದ್ದೇನೆ ಎಂದಳು. ಕೈ ಮುಗಿದಳು ಕೂಡ. ಸಹನಾ ಕೂಸನ್ನು ಮಲಗಿಸಿದಳು, ಪಾತ್ರೆ ತೊಳೆಯತೊಡಗಿದಳು. ಅಷ್ಟರಲ್ಲಿ ಎ‌ರ್ರಿಸ್ವಾಮಿ ಊಟಕ್ಕೆ ಬಂದ. ಅತ್ತೆ ಹೇಳಿದ್ದನ್ನೆಲ್ಲ ಕೇಳಿ, ಕೈ ತೊಳೆಯುತ್ತ ಯಥಾಪ್ರಕಾರ ಅಂದ. "ಈಗ ಯಾಕತ್ತೆ ಅದೆಲ್ಲ? ಬಟ್ಟೆ ಒಳಗಿರೋದು, ಯಾರ್ ನೋಡ್ತಾರೆ?"

ಸಹನಾಳ ಕೈಯಲ್ಲಿದ್ದ ಪಾತ್ರೆ ಢಣಾರ್ ಎಂದು ಬಿತ್ತು.

"ನಾ ನೋಡ್ತೀನಿ! ದಿನಾ ನೋಡ್ತೀನಿ. ಸ್ನಾನ ಮಾಡುವಾಗ ನೋಡ್ತೀನಿ, ಬಟ್ಟೆ ಹಾಕ್ಕಳುವಾಗ ನೋಡ್ತೀನಿ. ನಾ ನೋಡಿದ್ರೆ ಅದು ನೋಡ್ದಂಗಲ್ವಾ? ನಾ ಯಾರೂ ಅಲ್ವಾ?"

ಎರ್ರಿಸ್ವಾಮಿ ಒದ್ದೆ ಕೈಯಲ್ಲೇ ನಿಂತ. ಸಹನಾ ಒಳಗೆ ಹೋಗಿ ಪೆಟ್ಟಿಗೆಯಿಂದ ಸೀರೆ ತೆಗೆದಳು, ಲಂಗ ಹಾಕಿ ಲಾಡಿ ಎಳೆದಳು. ಎಳೆದವಳು ಹಲ್ಲು ಕಚ್ಚಿ ಗೋಡೆ ಹಿಡಿದುಕೊಂಡಳು. ಅದನ್ನು ಅಂಜಿನವ್ವನೂ ನೋಡಿದಳು, ಅವನೂ ನೋಡಿದ. ಸಹನಾ ಲಂಗವನ್ನು ಮೂಲೆಗೆ ಒಗೆದು, ನೈಟಿಯ ಮೇಲೆ ಒಂದು ದುಪ್ಪಟ್ಟ ಹೊದ್ದು ಹೊರಗೆ ಬಂದಳು. "ನಡಿಯವ್ವ."

"ನೈಟೀಲಿ ದಾವಣಗೆರೆಗೆ ಹೋಗ್ತೀಯಾ? ನೋಡಿದೋರು ಏನಂತಾರೆ?" ಎಂದ ಎರ್ರಿಸ್ವಾಮಿ.

"ಹೊಟ್ಟೆ ಯಾರೂ ನೋಡಲ್ಲ, ನೈಟಿ ಮಾತ್ರ ಎಲ್ಲಾರೂ ನೋಡ್ತಾರಾ? ನೋಡ್ಲಿ!" ಎಂದು ಚಪ್ಪಲಿ ಮೆಟ್ಟಿದಳು. ಮಗಳ ಬಾಯಲ್ಲಿ ತನ್ನದೇ ದನಿ ಕೇಳಿ ಅಂಜಿನವ್ವನಿಗೆ ಎಷ್ಟೋ ದಿನದ ಮೇಲೆ ಒಂದಿಷ್ಟು ಸಮಾಧಾನವಾಯಿತು. ಎರ್ರಿಸ್ವಾಮಿ ಕೃತಿಕಾಳ ಪಕ್ಕ ಕೂತ. ಅವತ್ತು ಮಧ್ಯಾಹ್ನ ಅವನು ಶಾಪಿಗೆ ಹೋಗಲಿಲ್ಲ.

ಸ್ಕಿನ್ ಡಾಕ್ಟರು ನಿಖತ್ ಎಂಬ ಹೆಂಗಸು, ಸಹನಾಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಮಂಚದ ಮೇಲೆ ಮಲಗಿಸಿ, ಲೈಟ್ ಹತ್ತಿರ ಎಳೆದು, ಬೆರಳಿಂದ ಒತ್ತಿ ಒತ್ತಿ ನೋಡಿದರು. ಎರಡು ವರ್ಷದ ಮೇಲೆ ಅಂಜಿನವ್ವನೂ ನೋಡಿದಳು. ನೂರಾರು ಹೊಟ್ಟೆ ನೋಡಿದ ಕಣ್ಣಿಗೆ ಆ ಒಂದು ಹೊಟ್ಟೆ ನೋಡಲಾಗಲಿಲ್ಲ. ಅಂಗೈಯಗಲ, ಕೆನ್ನೀಲಿ ಬಣ್ಣ, ಸುತ್ತ ಸುಟ್ಟ ಚರ್ಮದ ಬಿಳಿ ಅಂಚು.

"ಇದು ಕೀಲಾಯ್ಡ್. ಆದರೆ ಇಲ್ಲಿ ಸುತ್ತ ಸುಟ್ಟಿದೆಯಲ್ಲ, ಏನಾಗಿತ್ತು?" ಎಂದು ಕೇಳಿದರು.

"ಬಿಸಿನೀರು ಚೆಲ್ತು ಮೇಡಂ. ನಾನೇ ಚೆಲ್ಕಂಡೆ" ಎಂದಳು ಸಹನಾ, ಥಟ್ಟನೆ. ಎರಡು ವರ್ಷದಿಂದ ಗಂಡನ ಮನೆಯಲ್ಲಿ ಹೇಳಿ ಹೇಳಿ ರೂಢಿಯಾದ ಮಾತು. ಅದು ಅಂಜಿನವ್ವನಿಗೆ ಗೊತ್ತಾಗಿದ್ದು ಆಗಲೇ.

"ಸುಳ್ಳು!" ಎಂದು ಕೂಗಿದಳು. ಹೊರಗೆ ಕೂತಿದ್ದವರ ಮಾತು ನಿಂತಿತು. "ಸುಳ್ಳು ಕಣ್ರೀ ಡಾಕ್ಟ್ರೇ. ಸುಣ್ಣ ಬೆಲ್ಲ ಹಚ್ಚಿ ಸುಟ್ಟಿದ್ದು. ನಾನು, ಇವಳ ಹೆತ್ತವ್ವ, ಅಂಜಿನವ್ವ. ಬರ್ಕಳ್ರಿ. ಇವಳ ಮಾತು ನಂಬಬ್ಯಾಡ್ರಿ, ನಮ್ಮನೇಲಿ ಎಲ್ಲಾರೂ ನನ್ ಮನಸು ಕಾಯಾಕೆ ಸುಳ್ಳು ಹೇಳ್ತಾರೆ!"

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬರೆದುಕೊಂಡು, ನಿಧಾನವಾಗಿ ಹೇಳಿದರು. ಕೆಲವರ ಚರ್ಮದ ಗುಣವೇ ಹೀಗೆ, ಗಾಯ ಮಾಯ್ದ ಮೇಲೂ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಸುಟ್ಟರೂ, ಸುಮ್ಮನೆ ಕೊಯ್ದು ತೆಗೆದರೂ ಕೆರಳಿ ಇನ್ನೂ ದೊಡ್ಡದಾಗಿ ಬರಬಹುದು. ನಾಲ್ಕು ವಾರಕ್ಕೊಮ್ಮೆ ಗಂಟಿನೊಳಗೇ ಇಂಜೆಕ್ಷನ್, ಆರೋ ಎಂಟೋ ಬೇಕಾಗುತ್ತದೆ. ಜೊತೆಗೆ ಪಟ್ಟಿ. ತಿಕ್ಕುವಂತಿಲ್ಲ, ಬಿಗಿ ಲಾಡಿ ಕಟ್ಟುವಂತಿಲ್ಲ. "ಪೂರ್ತಿ ಮಾಯವಾಗುತ್ತೆ ಅಂತ ನಾನು ಹೇಳಲ್ಲ. ಮೊದಲು ತುರಿಕೆ, ನೋವು ಕಡಿಮೆ ಆಗುತ್ತೆ. ಆಮೇಲೆ ಮೆತ್ತಗಾಗಿ ಇಳಿಯುತ್ತೆ. ಮಧ್ಯದಲ್ಲಿ ಬಿಡಬಾರದು" ಎಂದರು.

ಹೇಳುತ್ತ ಹೇಳುತ್ತ ಅವರ ಕಣ್ಣು ಅಂಜಿನವ್ವನ ಕಿವಿಯ ಮೇಲೆ ನಿಂತಿತು. ಬುಗುಡಿಗೆಂದು ಚಿಕ್ಕಂದಿನಲ್ಲಿ ಚುಚ್ಚಿಸಿದ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟಿತ್ತು. "ಇದೂ ಅದೇ. ಇದು ವಂಶದಲ್ಲಿ ಬರೋದುಂಟು."

"ಅದೂ ನಾನೇ ಕೊಟ್ಟಿದ್ದಾ?" ಎಂದಳು ಅಂಜಿನವ್ವ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಆ ಗಂಟನ್ನೇ ಹಿಂಡಿಕೊಂಡಳು.

ಸೂಜಿ ಸಣ್ಣದೇ. ಆದರೆ ಕಲ್ಲಿನಂಥ ಗಂಟಿನೊಳಗೆ ಔಷಧಿ ಒತ್ತಲು ಡಾಕ್ಟರು ಹೆಬ್ಬೆರಳಿನ ಬಲವನ್ನೆಲ್ಲ ಹಾಕಬೇಕಾಯಿತು. ಒಂದಲ್ಲ, ಏಳೆಂಟು ಕಡೆ ಚುಚ್ಚಿದರು. ಸಹನಾ ಮಂಚದ ಕಬ್ಬಿಣ ಹಿಡಿದು, ಕಣ್ಣು ಮುಚ್ಚಿ, ಒಂದು ಚೂರೂ ಸದ್ದು ಮಾಡದೆ ಮಲಗಿದ್ದಳು. "ನೋವಾದ್ರೆ ಕೂಗಿ ಪರವಾಗಿಲ್ಲ" ಎಂದರು ಡಾಕ್ಟರು. ಕೂಗಲಿಲ್ಲ. ಅಂಜಿನವ್ವನಿಗೆ ಗೊತ್ತಾಯಿತು, ಆ ಮೂರು ದಿನವೂ ಅವಳು ಹೀಗೇ ಮಲಗಿದ್ದಳು.

ಮುಗಿದ ಮೇಲೆ ಏನಾದರೂ ಕೇಳಬೇಕಲ್ಲ ಎಂದು ಅಂಜಿನವ್ವ ಕೇಳಿದಳು. "ಪಥ್ಯ ಹೆಂಗೆ ಮಾಡ್ಬೇಕ್ರೀ? ಬದನೆಕಾಯಿ ಎರಡು ವರ್ಷದಿಂದ ಬಿಡಿಸೀನಿ."

ಡಾಕ್ಟರು ಕೈ ತೊಳೆಯುತ್ತಿದ್ದರು. "ಬದನೆಕಾಯಿನಾ? ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲಮ್ಮ. ಏನು ಬೇಕೋ ತಿನ್ನಲಿ."

ಮಂಚದಿಂದ ಇಳಿಯುತ್ತಿದ್ದ ಸಹನಾ ಅಲ್ಲೇ ನಿಂತಳು. ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಎಂಟು ಚುಚ್ಚಿಗೆ ಬಾರದ ಕಣ್ಣೀರು ಧಾರಾಕಾರ ಸುರಿಯಿತು.

"ಎರಡು ವರ್ಷ ಅವ್ವ!" ಎಂದು ಕಿರುಚಿದಳು. "ಒಂದ್ ಎಣಗಾಯಿಗೆ ಎರಡು ವರ್ಷ ಬೈದೆ ನನ್ನ! ನಂಟ್ರ ಮುಂದೆ ಬೈದೆ, ನಮ್ಮತ್ತೆ ಮುಂದೆ ಬೈದೆ, ನಾಲಿಗೆ ಹಿಡಿತ ಇಲ್ದೋಳು ಅಂದೆ! ಸುಟ್ಟಿದ್ದು ಬಿಡು, ಗೊತ್ತಿಲ್ದೆ ಸುಟ್ಟೆ. ತಪ್ಪು ನಂದೇ ಅಂತ ನಾನೂ ನಂಬ್ಕಂಡು ಕುಂತಿದ್ದೆ ಕಣೇ! ದಿನಾ ನನ್ನ ನಾನೇ ಬೈಕಳ್ತಿದ್ದೆ, ಯಾಕಾದ್ರೂ ತಿಂದ್ನೋ ಅಂತ! ಎಂಥಾ ತಾಯಿ ನೀನು? ಎಂಥಾ ಕೈಗುಣ ನಿಂದು?"

ಬಾಗಿಲು ಅರ್ಧ ತೆರೆದಿತ್ತು. ಹೊರಗಿನ ಬೆಂಚಿನ ಮೇಲಿದ್ದವರೆಲ್ಲ ಇಣುಕಿದರು. ಹುಟ್ಟಿದಾಗಿನಿಂದ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಅಂಜಿನವ್ವ ಆ ಜನರ ಮುಂದೆ ತಲೆ ತಗ್ಗಿಸಿ ನಿಂತಳು. "ಬೈಯಿ" ಎಂದಳು. "ಬಿಡಬ್ಯಾಡ. ಎಲ್ಲಾ ಬೈಯಿ." ಸಹನಾ ಬೈದಳು. ಡಾಕ್ಟರು ನಲ್ಲಿ ನಿಲ್ಲಿಸಿ, ಮುಂದಿನ ಪೇಷಂಟಿಗೆ ಸ್ವಲ್ಪ ಕಾಯಲು ಹೇಳಿದರು.

ಸಂಜೆ ಐದೂವರೆಯ ಹರಿಹರದ ಬಸ್ಸಿಗೆ ಇಬ್ಬರೂ ನಿಂತರು. ಅಂಜಿನವ್ವ ಆಗಲೇ ದಾರಿಯ ಗಾಡಿಯಲ್ಲಿ ಅರ್ಧ ಕೆಜಿ ಬದನೆಕಾಯಿ ಕೊಂಡು, ಏನೂ ಹೇಳದೆ ಮಗಳ ಚೀಲಕ್ಕೆ ಹಾಕಿದ್ದಳು. ಸಹನಾ ನೋಡಿಯೂ ನೋಡದವಳ ಹಾಗಿದ್ದಳು. ಮರುದಿನ ಡಬ್ಬಿ ಕೊಟ್ಟ ಮೂರು ಮನೆಗೂ ಹೋಗಬೇಕು, ಹಚ್ಚಬೇಡಿ, ನನ್ನ ಮದ್ದಿಗೆ ಗುಣ ಇಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಬೇಕು ಎಂದು ಅಂಜಿನವ್ವ ಲೆಕ್ಕ ಹಾಕುತ್ತಿದ್ದಳು. ಆ ಮನೆಗಳಲ್ಲಿ ಹಚ್ಚಿಕೊಂಡವರೂ ಪರವಾಗಿಲ್ಲ ಎಂದೇ ಹೇಳುತ್ತಿದ್ದರು. ಅದು ನೆನಪಾಗಿ, ಈ ಸಲ ಬಟ್ಟೆ ಸರಿಸಿ ಕಣ್ಣಾರೆ ನೋಡದೆ ಬರಬಾರದು ಎಂದುಕೊಂಡಳು.

ಬಸ್ಸು ಬಂತು. ಸಹನಾ ಹತ್ತಿ ಕಿಟಕಿಯ ಪಕ್ಕ ಕೂತಳು. ಅಂಜಿನವ್ವ ಕೆಳಗೆ ನಿಂತು ಕಿಟಕಿಯ ಸರಳು ಹಿಡಿದಳು. ಇಷ್ಟು ಸಣ್ಣ ದನಿ ತನಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

"ಮುಂದಿನ ತಿಂಗಳು ಇಂಜೆಕ್ಷನ್ನಿಗೆ ಗಂಡನ್ನ ಕರ್ಕಂಡ್ ಬರ್ತೀಯೇನು? ನಾ ಬರಾದು ಬ್ಯಾಡ ಅಂದ್ರೆ ಬ್ಯಾಡ ಅನ್ನು. ನನ್ ಮನಸು ನೋಡಬ್ಯಾಡ."

ಸಹನಾ ದುಪ್ಪಟ್ಟದಲ್ಲಿ ಮೂಗು ಒರೆಸಿಕೊಂಡಳು. "ನೀನೇ ಬಾ" ಎಂದಳು. "ಚುಚ್ಚುವಾಗ ಬೈಯಾಕೆ ಯಾರಾದ್ರೂ ಬೇಕಲ್ಲ."